ಪಾರ್ಟಿ ಎದುರಿಗಿಲ್ಲದೆ ಲೆಕ್ಕ ನೋಡುವುದು ಹೇಗೆ: ಸಣ್ಣ ಊರಿನ ಟ್ಯಾಕ್ಸ್ ಆಫೀಸಿಗೆ ಮಾರ್ಗದರ್ಶಿ

ದಾವಣಗೆರೆಯ ಆಡಿಟರ್ ಆಫೀಸಿಗೆ ಪುಣೆಯಲ್ಲಿ ಪಾರ್ಟಿ, ಅಂದರೆ ಕೆಲಸ ಕೊಡುವ ಗಿರಾಕಿ, ಇರುತ್ತಾರೆ. ಶಿರಸಿಯ ಅಡಿಕೆ ವ್ಯಾಪಾರಿಯ ಲೆಕ್ಕವನ್ನು ಹುಬ್ಬಳ್ಳಿಯಲ್ಲಿ ಕೂತು ಬರೆಯುತ್ತಾರೆ. ದುಬೈನಲ್ಲಿ ದುಡಿಯುವ ಭಟ್ಕಳದವರ ರಿಟರ್ನ್ ಮಂಗಳೂರಿನಿಂದ ಹೋಗುತ್ತದೆ. ಸಣ್ಣ ಊರಿನ ಆಫೀಸಿನಲ್ಲೂ ಎಷ್ಟೋ ಪಾರ್ಟಿಗಳು ವರ್ಷಪೂರ್ತಿ ಒಮ್ಮೆಯೂ ಮುಖ ತೋರಿಸದೆ ಕೆಲಸ ಮುಗಿಸಿಕೊಳ್ಳುತ್ತಾರೆ.

ಇದೆಲ್ಲ ಕೊರೋನಾದಿಂದ ಆಯಿತು ಅನ್ನುವವರು ಜಾಸ್ತಿ. ಆದರೆ ಮೊದಲು ದೂರ ಸರಿದದ್ದು ಸರ್ಕಾರವೇ, ಅದೂ ನಮ್ಮ ಬೆಂಗಳೂರಿನಿಂದ. 2009ರಲ್ಲಿ ಆದಾಯ ತೆರಿಗೆ ಇಲಾಖೆಯ ಸಿಪಿಸಿ (ರಿಟರ್ನ್‌ಗಳನ್ನು ಒಂದೇ ಕಡೆ ಪ್ರೊಸೆಸ್ ಮಾಡುವ ಕೇಂದ್ರ) ಬೆಂಗಳೂರಿನಲ್ಲಿ ಶುರುವಾಯಿತು. ದೇಶದ ಯಾವ ಮೂಲೆಯಲ್ಲಿ ಹಾಕಿದ ಇ-ರಿಟರ್ನ್ ಆದರೂ ಅಲ್ಲಿ ಪ್ರೊಸೆಸ್ ಆಗತೊಡಗಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನೋಂದಣಿ, ಚಲನ್, ರಿಟರ್ನ್ ಎಲ್ಲವೂ ಪೋರ್ಟಲ್‌ಗೆ ಹೋಯಿತು. 2020ರ ಆಗಸ್ಟ್‌ನಲ್ಲಿ ಫೇಸ್‌ಲೆಸ್ ಅಸೆಸ್‌ಮೆಂಟ್ (ಎದುರುಬದುರಾಗದೆ ತೆರಿಗೆ ಲೆಕ್ಕ ಪರಿಶೀಲಿಸುವ ಪದ್ಧತಿ) ದೇಶದೆಲ್ಲೆಡೆ ಜಾರಿಗೆ ಬಂತು. ಅಲ್ಲಿಂದಾಚೆ ಫೈಲು ನೋಡುವ ಅಧಿಕಾರಿ ಯಾರು, ಯಾವ ಊರಿನಲ್ಲಿದ್ದಾರೆ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಇಲಾಖೆ ದೂರ ಹೋಯಿತು, ಅದರ ಹಿಂದೆ ಪಾರ್ಟಿಗಳೂ ದೂರ ಹೋದರು.

ಎದುರಿಗೆ ಕೂತು ಕೆಲಸ ಮಾಡುವಾಗ ಬಹಳಷ್ಟು ವಿಷಯ ಮಾತಿಲ್ಲದೇ ಇತ್ಯರ್ಥ ಆಗುತ್ತಿತ್ತು. ಯಾವ ಕಾಗದ ಕೊಟ್ಟರು, ಯಾವುದು ಬಾಕಿ, ಯಾವ ಅಂಕಿಗೆ ಹೂಂ ಅಂದರು, ಯಾರು ಸಹಿ ಹಾಕಿದರು ಅನ್ನುವುದು ಇಬ್ಬರ ಕಣ್ಣ ಮುಂದೆಯೇ ನಡೆಯುತ್ತಿತ್ತು. ದೂರದಿಂದ ಮಾಡುವಾಗ ಅದೇ ಕೆಲಸ ಇರುತ್ತದೆ, ಈ ಸಾಕ್ಷಿ ಇರುವುದಿಲ್ಲ. ಅದನ್ನು ನಾವೇ ಬರೆದು ಇಟ್ಟುಕೊಳ್ಳಬೇಕು. ಒಳ್ಳೆಯ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಕೊಂಡು ಇಷ್ಟನ್ನು ಬಿಟ್ಟ ಆಫೀಸುಗಳು ನೋಟಿಸ್ ಬಂದ ದಿನ ಒದ್ದಾಡುವುದನ್ನು ನೋಡಿದ್ದೇನೆ. ಸಿಎಗಳು, ಟ್ಯಾಕ್ಸ್ ಪ್ರಾಕ್ಟೀಷನರ್‌ಗಳು, ಅಕೌಂಟೆಂಟ್‌ಗಳು ಈ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಒಳ್ಳೆಯದು.

ಹೆಜ್ಜೆ 1: ಯಾವುದು ದೂರದಿಂದ ಆಗುತ್ತದೆ, ಯಾವುದು ಆಗುವುದಿಲ್ಲ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಆಫೀಸಿನ ಕೆಲಸಗಳನ್ನೆಲ್ಲ ಬರೆಯಿರಿ. ರಿಟರ್ನ್, ಟಿಡಿಎಸ್, ಬ್ಯಾಂಕ್ ಹೊಂದಾಣಿಕೆ, ನೋಟಿಸಿಗೆ ಉತ್ತರ ಇವೆಲ್ಲ ದೂರದಿಂದ ಪೂರ್ತಿ ಆಗುತ್ತವೆ. ಹೊಸ ಪಾರ್ಟಿಯನ್ನು ಒಪ್ಪಿಕೊಳ್ಳುವುದು, ಅಣ್ಣತಮ್ಮಂದಿರ ಪಾಲುದಾರಿಕೆ ಒಡೆದಾಗ ಲೆಕ್ಕ ತೀರಿಸುವುದು, ಗೋಡೌನಿನ ಸ್ಟಾಕ್ ನೋಡುವುದು, ಇವಕ್ಕೆ ಕನಿಷ್ಠ ಒಂದು ಸಲ ಹೋಗಲೇಬೇಕು. ಉಯಿಲು ಮತ್ತು ಟ್ರಸ್ಟ್ ಡೀಡ್ ಬೇರೆಯೇ ಸಾಲಿಗೆ ಸೇರುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಇವೆರಡನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಡಿಜಿಟಲ್ ಸಹಿಯಲ್ಲಿ ಮುಗಿಸಿಕೊಡಿ ಅಂತ ಪಾರ್ಟಿ ಎಷ್ಟೇ ಕೇಳಿದರೂ ಒಪ್ಪಬೇಡಿ.

ಹೊಸ ಪಾರ್ಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮೊದಲ ಭೇಟಿ ಅಂಗಡಿಯಲ್ಲೋ ಮಿಲ್ಲಿನಲ್ಲೋ ಆಗಲಿ. ವಿದೇಶದಲ್ಲಿದ್ದರೆ ವಿಡಿಯೋದಲ್ಲಿ ಆಗಲಿ. ವಾಟ್ಸಾಪ್‌ನಲ್ಲಿ ಪ್ಯಾನ್ ಕಾರ್ಡ್ ಕಳಿಸಿ "ರಿಟರ್ನ್ ಹಾಕಿ ಸರ್" ಅನ್ನುವವರ ಕೆಲಸ ಹಿಡಿಯುವ ಮುಂಚೆ, ಆ ಪ್ಯಾನ್ ಕಾರ್ಡಿನವರೇ ನಿಮ್ಮ ಜೊತೆ ಮಾತಾಡುತ್ತಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ.

ಹೆಜ್ಜೆ 2: ಪಾಸ್‌ವರ್ಡ್, ಒಟಿಪಿ, ಡಿಎಸ್‌ಸಿ ಯಾರ ಕೈಯಲ್ಲಿ?

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೇನೆ ಅನ್ನುವವರಿದ್ದರೆ ಇದನ್ನು ಮಾಡಿ.

ನಮ್ಮ ಆಫೀಸುಗಳ ಡ್ರಾಯರ್ ತೆಗೆದರೆ ಏನು ಸಿಗುತ್ತದೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಡಬ್ಬಿ ತುಂಬ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಇರುವ, ಪೆನ್‌ಡ್ರೈವ್‌ನಂಥ ಟೋಕನ್‌ಗಳು. ಒಂದೊಂದರ ಮೇಲೂ ಪಾರ್ಟಿಯ ಹೆಸರಿನ ಚೀಟಿ, ಕೆಲವದರ ಮೇಲೆ ಪಾಸ್‌ವರ್ಡ್ ಕೂಡ. ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಎಲ್ಲರ ಪಾಸ್‌ವರ್ಡ್ ಇರುವ ಒಂದು ಎಕ್ಸೆಲ್ ಫೈಲ್. ಆಫೀಸು ಒಂದೇ ಕೋಣೆಯಲ್ಲಿ ಇದ್ದಾಗಲೂ ಇದು ತಪ್ಪೇ ಆಗಿತ್ತು. ಹುಡುಗರು ಮನೆಯಿಂದ ಕೆಲಸ ಮಾಡುವಾಗ ಇದು ಅಪಾಯ.

ಡಿಎಸ್‌ಸಿ ಅಂದರೆ ಸಹಿ. ಖಾಲಿ ಚೆಕ್ಕಿಗೆ ಸಹಿ ಮಾಡಿಸಿಕೊಂಡು ಕಟ್ಟುಗಟ್ಟಲೆ ಇಟ್ಟುಕೊಂಡ ಹಾಗೆ ಅದನ್ನು ಇಟ್ಟುಕೊಳ್ಳಬಾರದು. ಮೇಲೆ ಹೇಳಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಸಹಿಯ ಕೀಲಿ ಯಾರದೋ ಅವರೇ ಅದನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅನ್ನುತ್ತದೆ. ನಾಳೆ ಪಾಲುದಾರರು ಜಗಳವಾಡಿ "ಈ ಫಾರಂಗೆ ನಾನು ಸಹಿಯೇ ಹಾಕಿಲ್ಲ" ಅಂದರೆ ಟೋಕನ್ ನಿಮ್ಮ ಡ್ರಾಯರಿನಲ್ಲಿತ್ತು ಅನ್ನುವುದು ನಿಮಗೇ ತಿರುಗುತ್ತದೆ.

ಮೊದಲು ಡಿಎಸ್‌ಸಿ ಬೇಕೇ ಇಲ್ಲದ ಪಾರ್ಟಿಗಳನ್ನು ಬೇರೆ ಮಾಡಿ. ಜಿಎಸ್‌ಟಿ ರಿಟರ್ನ್‌ಗೆ ಡಿಎಸ್‌ಸಿ ಕಡ್ಡಾಯ ಇರುವುದು ಕಂಪನಿ ಮತ್ತು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಸಂಸ್ಥೆಗಳಿಗೆ. ಒಬ್ಬರೇ ಮಾಲೀಕರಿರುವ ಅಂಗಡಿ, ಸಾಮಾನ್ಯ ಪಾಲುದಾರಿಕೆ ಸಂಸ್ಥೆ, ಇವರು ಒಟಿಪಿಯಲ್ಲೇ ಮುಗಿಸಬಹುದು. ಅವರ ಟೋಕನ್‌ಗಳನ್ನು ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ಒಂದು ಮೆಸೇಜ್ ಹಾಕಿ. ಉಳಿದವರಿಗೆ ಟೋಕನ್ ಅವರ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಹಾಗೆ ಒಂದು ಸಲ ಸೆಟ್ ಮಾಡಿಕೊಡಿ. ಟೋಕನ್‌ನ ಡ್ರೈವರ್ ಹಾಕಬೇಕು, ಜಿಎಸ್‌ಟಿಗೆ ಎಂ-ಸೈನರ್ ಅನ್ನುವ ಸಹಿಯ ಸಾಫ್ಟ್‌ವೇರ್ ಹಾಕಬೇಕು, ಬ್ರೌಸರ್‌ನಲ್ಲಿ ಅನುಮತಿ ಕೊಡಬೇಕು. ಆಮೇಲೆ ಪ್ರತಿ ತಿಂಗಳು ನೀವು ಎಲ್ಲ ರೆಡಿ ಮಾಡಿ ಫೋನ್ ಮಾಡುತ್ತೀರಿ, ಅವರು ಟೋಕನ್ ಚುಚ್ಚಿ ತಾವೇ ಸಹಿ ಹಾಕುತ್ತಾರೆ. ಶುರುವಿನಲ್ಲಿ ಗೊಣಗುತ್ತಾರೆ, "ನಿಮ್ಮ ಹತ್ರಾನೇ ಇರ್ಲಿ ಬಿಡಿ ಸರ್" ಅನ್ನುತ್ತಾರೆ. ಆಗ ಮೆತ್ತಗಾಗಬೇಡಿ.

ಆಡಿಟರ್ ಹೇಳಿದರು ಅಂತ ಎನಿಡೆಸ್ಕ್‌ನಂಥ ರಿಮೋಟ್ ಆ್ಯಪ್ ಹಾಕಿ ಹಾಗೇ ಬಿಡುವ ಪಾರ್ಟಿಗಳು ಬೇಕಾದಷ್ಟಿದ್ದಾರೆ. ಬ್ಯಾಂಕ್ ದುಡ್ಡು ದೋಚುವವರು ಬಳಸುವುದೂ ಇದನ್ನೇ. ನಿಮ್ಮ ಕೆಲಸ ಮುಗಿದ ತಕ್ಷಣ ಆ್ಯಪ್ ಮುಚ್ಚಿಸಿ. ಆಫೀಸಿನ ಗೊತ್ತಿರುವ ನಂಬರಿನಿಂದ ಕರೆ ಬರದೆ ಯಾರಿಗೂ ಕೋಡ್ ಹೇಳಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿ. ಏನಾದರೂ ಎಡವಟ್ಟಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದೂ ಅವರಿಗೆ ಗೊತ್ತಿರಲಿ.

ಪಾಸ್‌ವರ್ಡ್ ಕೇಳದೆಯೂ ಎಷ್ಟೋ ಕೆಲಸ ಆಗುತ್ತದೆ. ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡಿದ್ದರೆ ಪಾರ್ಟಿ ಪಿಸಿಟಿ-05 ಫಾರಂನಲ್ಲಿ ನಿಮ್ಮನ್ನು ನೇಮಿಸಬಹುದು. ಆಮೇಲೆ ನಿಮ್ಮ ಸ್ವಂತ ಲಾಗಿನ್‌ನಿಂದ ಅವರ ರಿಟರ್ನ್ ತಯಾರು ಮಾಡಬಹುದು. ಆದಾಯ ತೆರಿಗೆ ಪೋರ್ಟಲ್‌ನಲ್ಲೂ ಪಾರ್ಟಿ ತಮ್ಮ ಸಿಎಯನ್ನು ಸೇರಿಸಿ ಫಾರಂ ವಹಿಸಿಕೊಡುವ ದಾರಿ ಇದೆ. ಇಷ್ಟಾದ ಮೇಲೂ ಕೆಲವು ಪಾಸ್‌ವರ್ಡ್ ನಿಮ್ಮಲ್ಲಿ ಉಳಿದರೆ ಅವನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಿ. ಯಾವ ಹುಡುಗ ಯಾವ ಪಾರ್ಟಿಯದನ್ನು ನೋಡಬಹುದು ಅಂತ ಬೇರೆ ಬೇರೆ ಮಾಡಿ.

ಈಗ ಪೋರ್ಟಲ್‌ನಲ್ಲಿರುವ ಮೊಬೈಲ್ ನಂಬರ್ ಮತ್ತು ಇ-ಮೇಲ್. ಅನುಕೂಲಕ್ಕೆ ಅಂತ ಆಫೀಸಿನ ನಂಬರ್ ಹಾಕಿಬಿಡುವ ರೂಢಿ ಎಲ್ಲ ಕಡೆ ಇದೆ. ಇದರಿಂದ ನೋಟಿಸ್ ಬಂದಿದ್ದು ಪಾರ್ಟಿಗೆ ತಿಳಿಯುವುದೇ ಇಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಪೋರ್ಟಲ್‌ನಲ್ಲಿ ಹಾಕಿದರೂ ನೋಟಿಸ್ ಮುಟ್ಟಿಸಿದ ಹಾಗೇ. ನೀವು ನೋಡಲಿಲ್ಲ, ಅವರಿಗೆ ಗೊತ್ತಾಗಲಿಲ್ಲ, ಆರ್ಡರ್ ಆಗಿಹೋಯಿತು ಅಂದರೆ ತಪ್ಪು ಯಾರದು? ಮುಖ್ಯ ನಂಬರ್, ಮುಖ್ಯ ಮೇಲ್ ಪಾರ್ಟಿಯದೇ ಇರಲಿ. ಎರಡನೆಯದು ನಿಮ್ಮದಿರಲಿ. ಜೊತೆಗೆ ವಾರಕ್ಕೊಂದು ದಿನ ಗೊತ್ತುಮಾಡಿ, ಒಬ್ಬರು ಎಲ್ಲ ಪಾರ್ಟಿಗಳ ನೋಟಿಸ್ ಪುಟ ತೆರೆದು ನೋಡಿ ಟಿಕ್ ಹಾಕಲಿ.

ಗಲ್ಫ್‌ನಲ್ಲಿರುವವರ ಕಷ್ಟ ಬೇರೆ. ಇಲ್ಲಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ, ಆಧಾರ್ ಒಟಿಪಿ ಬರುವುದಿಲ್ಲ. ರಿಟರ್ನ್ ಹಾಕಿ 30 ದಿನದೊಳಗೆ ವೆರಿಫೈ ಆಗಬೇಕು. ನೆಟ್ ಬ್ಯಾಂಕಿಂಗ್ ಮೂಲಕವೋ, ಮೊದಲೇ ವ್ಯಾಲಿಡೇಟ್ ಮಾಡಿದ ಬ್ಯಾಂಕ್ ಖಾತೆಯ ಮೂಲಕವೋ ಮಾಡಬಹುದು. ಅದೂ ಆಗದಿದ್ದರೆ ರಿಟರ್ನ್‌ನ ಸ್ವೀಕೃತಿ ಪತ್ರವಾದ ಐಟಿಆರ್-ವಿಗೆ ಸಹಿ ಹಾಕಿಸಿ ಬೆಂಗಳೂರಿನ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬೇಕು. ಯಾವ ದಾರಿ ಅಂತ ರಿಟರ್ನ್ ಹಾಕುವ ಮುಂಚೆಯೇ ಕೇಳಿಕೊಳ್ಳಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಡ್ಯೂಟಿ ಮುಗಿಸಿ ರೂಮಿಗೆ ಬರುವ ಹೊತ್ತಿಗೆ ನಮ್ಮಲ್ಲಿ ಆಫೀಸು ಬಾಗಿಲು ಹಾಕಿರುತ್ತದೆ. ಸೀಸನ್‌ನಲ್ಲಿ ವಾರಕ್ಕೆ ಒಂದೆರಡು ಸಂಜೆ ಒಬ್ಬರು ಅವರಿಗೆಂದೇ ಕೂರಲಿ.

ಹೆಜ್ಜೆ 3: ಕಾಗದ ಬರುವ ದಾರಿ ಒಂದೇ ಇರಲಿ

ಒಂದು ಬಿಲ್ ವಾಟ್ಸಾಪ್‌ನಲ್ಲಿ, ಇನ್ನೊಂದು ಮೇಲ್‌ನಲ್ಲಿ, ಮೂರನೆಯದು ಬಸ್ಸಿನ ಪಾರ್ಸೆಲ್‌ನಲ್ಲಿ ಬಂದರೆ ತಿಂಗಳ ಕೊನೆಗೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಒಂದು ದಾರಿ ಗೊತ್ತು ಮಾಡಿ. ಪಾರ್ಟಿಗೆ ವಾಟ್ಸಾಪ್ ಬಿಟ್ಟರೆ ಬೇರೆ ಗೊತ್ತಿಲ್ಲ ಅಂದರೆ ವಾಟ್ಸಾಪೇ ಇರಲಿ, ತೊಂದರೆ ಇಲ್ಲ. ಆದರೆ ಅದು ಆಫೀಸಿನ ನಂಬರಿಗೆ ಬರಲಿ. ಹುಡುಗನ ಸ್ವಂತ ಫೋನಿಗೆ ಬಂದರೆ, ಅವನು ಕೆಲಸ ಬಿಟ್ಟ ದಿನ ಎಲ್ಲರ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಅವನ ಜೊತೆ ಹೋಗುತ್ತವೆ. ಒಂದು ವಾಟ್ಸಾಪ್ ಖಾತೆಗೆ ನಾಲ್ಕು ಸಾಧನ ಲಿಂಕ್ ಮಾಡಬಹುದು, ಸಣ್ಣ ಆಫೀಸಿಗೆ ಅಷ್ಟು ಸಾಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ. ನಮ್ಮಂಥ ಸಣ್ಣ ಆಫೀಸಿಗೆ ಅಷ್ಟು ಹಾಕುತ್ತಾರಾ ಅನ್ನುವ ಮಾತು ಬೇರೆ. ಜನ ನಂಬಿ ಕೊಟ್ಟ ಕಾಗದ ಅದು. ಅದಕ್ಕಾದರೂ ಜೋಪಾನ ಮಾಡಬೇಕು ಅಲ್ವಾ?

ಫೈಲಿಗೆ ಹೆಸರಿಡುವ ಪದ್ಧತಿ ಒಂದೇ ಇರಲಿ. ವರ್ಷ, ತಿಂಗಳು, ಖರೀದಿಯೋ ಮಾರಾಟವೋ, ಪಾರ್ಟಿಯ ಹೆಸರು. ಪೆಟ್ರೋಲ್ ಬಂಕ್ ಮತ್ತು ಹೋಟೆಲಿನ ಥರ್ಮಲ್ ಬಿಲ್ಲುಗಳು ಸ್ವಲ್ಪ ದಿನಕ್ಕೇ ಮಾಸಿಹೋಗುತ್ತವೆ, ಅವನ್ನು ಬಂದ ದಿನವೇ ಸ್ಕ್ಯಾನ್ ಮಾಡಿಸಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಇಡಬೇಕು. ಕಂಪನಿ ಆದರೆ ಲೆಕ್ಕದ ಪುಸ್ತಕ 8 ವರ್ಷ ಇರಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆಯೂ ಉಳಿಯಬೇಕು. ದೂರದಿಂದ ಲೆಕ್ಕ ಬರೆಯುವವರಿಗೆ ಇದು ಕಿರಿಕಿರಿ ಅನ್ನಿಸಬಹುದು, ಆದರೆ ಎಂಟ್ರಿ ಯಾರು ಬದಲಿಸಿದರು ಅಂತ ಜಗಳ ಬಂದಾಗ ಇದೇ ಕೈಹಿಡಿಯುತ್ತದೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಲ್ಲರೂ ಒಂದೇ ಅಡ್ಮಿನ್ ಲಾಗಿನ್ ಬಳಸುತ್ತಿದ್ದರೆ ಈ ದಾಖಲೆಗೆ ಬೆಲೆಯೇ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿ.

ತಾರೀಖು ಕೂಡ ಮೊದಲೇ ಹೇಳಿಬಿಡಿ. ತಿಂಗಳ ರಿಟರ್ನ್‌ನವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಹಾಕುವ ಕೊನೆ ದಿನ 11, 2ಬಿ (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ಕ್ರೆಡಿಟ್‌ನ ಪಟ್ಟಿ) ಬರುವುದು 14ಕ್ಕೆ, 3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) 20ಕ್ಕೆ. ಮಾರಾಟದ ಬಿಲ್ 5ರೊಳಗೆ, ಖರೀದಿ ಬಿಲ್ 12ರೊಳಗೆ ನಿಮ್ಮ ಕೈಗೆ ಬರಬೇಕು. ತಡವಾದರೆ ಆ ಬಿಲ್ಲು ಮುಂದಿನ ತಿಂಗಳಿಗೆ ಹೋಗುತ್ತದೋ, ಲೇಟ್ ಫೀ ಬೀಳುತ್ತದೋ ಅನ್ನುವುದನ್ನೂ ಹೇಳಿ.

ಹೆಜ್ಜೆ 4: ಮೊದಲು ಒಪ್ಪಿಗೆ, ಆಮೇಲೆ ಒಟಿಪಿ

"ಸರ್, ಒಟಿಪಿ ಬಂದಿರುತ್ತೆ, ಹೇಳಿ" ಅಂತ ಫೋನ್ ಮಾಡುವುದು, ಪಾರ್ಟಿ ಏನು ಎತ್ತ ಕೇಳದೆ ಆರು ಅಂಕಿ ಓದುವುದು. ದಿನಾ ನಡೆಯುವ ಈ ಪದ್ಧತಿಯನ್ನು ನಿಲ್ಲಿಸಬೇಕು. ಒಟಿಪಿ ಕೊಟ್ಟಿದ್ದಾರೆ ಅಂದ ಮಾತ್ರಕ್ಕೆ ಅಂಕಿ ನೋಡಿ ಒಪ್ಪಿದ್ದಾರೆ ಅಂತ ಆಗುವುದಿಲ್ಲ. ಫೈಲ್ ಮಾಡುವ ಮುಂಚೆ ಇಂಥದೊಂದು ಮೆಸೇಜ್ ಹೋಗಲಿ:

"ನಮಸ್ಕಾರ ಸರ್. ಜುಲೈ ತಿಂಗಳ 3ಬಿ ರೆಡಿ ಇದೆ. ಮಾರಾಟ 18,40,000. ಅದರ ಮೇಲೆ ಟ್ಯಾಕ್ಸ್ 92,000. ಖರೀದಿಯ ಕ್ರೆಡಿಟ್ 71,500. ನೀವು ಕಟ್ಟಬೇಕಾದ್ದು 20,500. ಎರಡು ಖರೀದಿ ಬಿಲ್ 2ಬಿಯಲ್ಲಿ ಬಂದಿಲ್ಲ, ಅದಕ್ಕೆ ಈ ತಿಂಗಳು ಸೇರಿಸಿಲ್ಲ. ಸಪ್ಲೈಯರ್‌ಗೆ ಒಂದು ಫೋನ್ ಮಾಡಿ. ಅಂಕಿ ನೋಡಿ ಸರಿ ಇದ್ದರೆ 'ಸರಿ' ಅಂತ ಉತ್ತರ ಹಾಕಿ. ಉತ್ತರ ಬಂದ ಮೇಲೆ ಒಟಿಪಿ ಕೇಳುತ್ತೇವೆ."

ಇದರಲ್ಲಿ ಮೂರು ವಿಷಯ ಗಮನಿಸಿ. ಅಂಕಿಗಳು ನಾಲ್ಕೇ, ಓದಲು ಅರ್ಧ ನಿಮಿಷ ಸಾಕು. ಬಿಟ್ಟಿದ್ದೇನು, ಯಾಕೆ ಬಿಟ್ಟಿದ್ದೇವೆ ಅನ್ನುವುದು ಇದೆ. ಪಾರ್ಟಿ ಮಾಡಬೇಕಾದ ಕೆಲಸವೂ ಇದೆ. ಉತ್ತರ ಬಂದ ಮೇಲೆ ಆ ಸ್ಕ್ರೀನ್‌ಶಾಟ್ ಪಾರ್ಟಿಯ ಫೋಲ್ಡರಿಗೆ ಹೋಗಲಿ. ಇಂಗ್ಲಿಷ್ ಬರದ ಪಾರ್ಟಿಗೆ ಇಂಗ್ಲಿಷ್ ಪಿಡಿಎಫ್ ಕಳಿಸಿ "ಅಪ್ರೂವ್ ಮಾಡಿ" ಅನ್ನುವುದರಲ್ಲಿ ಅರ್ಥವಿಲ್ಲ. ಕನ್ನಡದಲ್ಲೇ ಬರೆಯಿರಿ, ಕಲಬುರಗಿಯ ಹಿರಿಯ ವ್ಯಾಪಾರಿಗೆ ಓದಲು ಕಷ್ಟವಾದರೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ.

ಹೆಜ್ಜೆ 5: ಮುಖ ಕಾಣದ ಅಧಿಕಾರಿಗೆ ಉತ್ತರ ಬರೆಯುವುದು

ನಮ್ಮ ಕೆಲಸ ಜಾಸ್ತಿ ಬದಲಾಗಿದ್ದು ಇಲ್ಲಿ.

ಮೊದಲೆಲ್ಲ ಶಿವಮೊಗ್ಗದ ಪಾರ್ಟಿಗೆ ನೋಟಿಸ್ ಬಂದರೆ ಶಿವಮೊಗ್ಗದ ಆದಾಯ ತೆರಿಗೆ ಆಫೀಸಿಗೇ ಹೋಗುತ್ತಿದ್ದೆವು. ಅಧಿಕಾರಿಗೆ ಅಡಿಕೆ ಅಂದರೆ ಏನು ಅಂತ ಹೇಳಬೇಕಾಗಿರಲಿಲ್ಲ. ರೈತರು ರೇಟು ಬರಲಿ ಅಂತ ಮಾಲು ಹಿಡಿದಿಟ್ಟುಕೊಳ್ಳುತ್ತಾರೆ, ಎರಡು ವರ್ಷದ ಬೆಳೆಯನ್ನು ಒಂದೇ ವರ್ಷ ಮಾರುವುದೂ ಇರುತ್ತದೆ, ಇದೆಲ್ಲ ಅವರಿಗೂ ಗೊತ್ತಿರುತ್ತಿತ್ತು. ಈಗ ಅದೇ ಫೈಲನ್ನು ದೂರದ ಯಾವುದೋ ರಾಜ್ಯದ ಅಧಿಕಾರಿ ತೆರೆಯಬಹುದು. ಅವರಿಗೆ ಕಾಣುವುದು ಒಂದು ವರ್ಷ ಏಕಾಏಕಿ ಏರಿದ ಕೃಷಿ ಆದಾಯ, ಬ್ಯಾಂಕಿಗೆ ಬಿದ್ದ ದೊಡ್ಡ ಮೊತ್ತ, ಓದಲಾಗದ ಕನ್ನಡ ಪಹಣಿ. ಅವರು ಅನುಮಾನ ಪಟ್ಟರೆ ತಪ್ಪಿಲ್ಲ.

ನಮ್ಮೂರಿನ ಈ ತಿಳುವಳಿಕೆಯನ್ನು ಉತ್ತರದೊಳಗೆ ಬರೆದು ಕಳಿಸುವುದೇ ಈಗಿನ ಟ್ಯಾಕ್ಸ್ ಆಫೀಸಿನ ದೊಡ್ಡ ಕೆಲಸ. ಮಹಾನಗರದ ದೊಡ್ಡ ಸಂಸ್ಥೆಗಳಿಗಿಂತ ಸಣ್ಣ ಊರಿನವರು ಇದನ್ನು ಚೆನ್ನಾಗಿ ಮಾಡಬಲ್ಲರು, ಯಾಕೆಂದರೆ ತೋಟ, ಮಂಡಿ, ಮನೆತನ ಎಲ್ಲ ಅವರಿಗೆ ಗೊತ್ತು. ಕೃಷಿ ಆದಾಯದ ಪ್ರಶ್ನೆಗೆ ಹೀಗೆ ಉತ್ತರ ಕಟ್ಟಿ.

ಮೊದಲು ನೋಟಿಸ್ ಅಸಲಿಯೋ ಅಂತ ನೋಡಿ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಅನ್ನುವ ದಾಖಲೆ ಗುರುತಿನ ಸಂಖ್ಯೆ ಇರಬೇಕು. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಅದನ್ನು ಪರೀಕ್ಷಿಸಬಹುದು. ಆಮೇಲೆ ಉತ್ತರದ ಮೊದಲ ಪುಟದಲ್ಲಿ ಪಾರ್ಟಿ ಯಾರು, ಜಮೀನು ಎಲ್ಲಿದೆ, ಏನು ಬೆಳೆ, ಯಾರಿಗೆ ಮಾರಿದರು ಅನ್ನುವುದನ್ನು ಒಂದು ಪ್ಯಾರಾದಲ್ಲಿ ಹೇಳಿ. ಓದುವವರು ಈ ಊರನ್ನು ನೋಡೇ ಇಲ್ಲ ಅಂತ ಇಟ್ಟುಕೊಂಡು ಬರೆಯಿರಿ.

ಪಹಣಿ ಲಗತ್ತಿಸುವಾಗ ಅದರ ಇಂಗ್ಲಿಷ್ ಅನುವಾದವನ್ನೂ ಇಡಿ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಬೆಳೆಯ ಕಾಲಂ ಎಲ್ಲಿದೆ ಅಂತ ಬಾಣ ಹಾಕಿ ತೋರಿಸಿ. 40 ಗುಂಟೆ ಅಂದರೆ ಒಂದು ಎಕರೆ ಅಂತ ಒಂದು ಸಾಲು ಬರೆಯಿರಿ. ನಮಗೆ ಇದು ಹೇಳುವ ಮಾತೇ ಅಲ್ಲ, ಅಲ್ಲಿ ಕೂತವರಿಗೆ ಬೇಕು. ಎಷ್ಟೋ ಮನೆಗಳಲ್ಲಿ ಪೌತಿ ಖಾತೆ ಆಗಿರುವುದಿಲ್ಲ, ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. "ಜಮೀನು ನಿಮ್ಮದೇ ಅಲ್ಲ" ಅನ್ನುವ ಪ್ರಶ್ನೆ ಬರುವುದು ಇಲ್ಲಿಂದ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಸೇರಿಸಿ, ತಂದೆಯ ಹೆಸರಿಗೂ ಪಾರ್ಟಿಯ ಹೆಸರಿಗೂ ಇರುವ ಸಂಬಂಧವನ್ನು ಬರೆದು ತೋರಿಸಿ.

ಮಾರಾಟಕ್ಕೆ ಮಂಡಿಯ ಪಟ್ಟಿಗಳಿರುತ್ತವೆ. ಕ್ಯಾಂಪ್ಕೋ, ಮ್ಯಾಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಕೊಟ್ಟಿದ್ದರೆ ಅವರ ರಸೀದಿ ಇರುತ್ತದೆ. ಒಂದೊಂದು ಪಟ್ಟಿಯ ತಾರೀಖು, ತೂಕ, ಮೊತ್ತ, ಅದು ಬ್ಯಾಂಕಿಗೆ ಬಂದ ದಿನ, ಇಷ್ಟನ್ನು ಒಂದು ಕೋಷ್ಟಕ ಮಾಡಿ. ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಇದ್ದರೆ ಅವು ಅಡಿಕೆಯ ತರಗತಿಗಳು, ಒಂದೊಂದಕ್ಕೆ ಒಂದೊಂದು ರೇಟು ಅಂತ ವಿವರಿಸಿ. ಇಲ್ಲದಿದ್ದರೆ ಒಂದೇ ದಿನ ಒಂದೇ ಮಾಲಿಗೆ ನಾಲ್ಕು ರೇಟು ಹೇಗೆ ಅಂತ ಅವರು ಕೇಳುತ್ತಾರೆ. ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಮಾರಾಟದೊಳಗೆ ಬೆರೆಸದೆ ಬೇರೆ ತೋರಿಸಿ. ಹಿಂದಿನ ವರ್ಷದ ಮಾಲು ಈ ವರ್ಷ ಮಾರಿದ್ದಾರೆ ಅಂದರೆ ಎರಡೂ ವರ್ಷದ ಅಂಕಿಯನ್ನು ಅಕ್ಕಪಕ್ಕ ಇಡಿ.

ಪುಟಗಳಿಗೆ ನಂಬರ್ ಹಾಕಿ. ಉತ್ತರದಲ್ಲಿ ಹೇಳುವ ಪ್ರತಿ ಮಾತಿಗೂ ಯಾವ ಅನುಬಂಧ, ಯಾವ ಪುಟ ಅಂತ ಬರೆಯಿರಿ. ಪೋರ್ಟಲ್‌ನಲ್ಲಿ ಫೈಲಿನ ಗಾತ್ರಕ್ಕೆ ಮಿತಿ ಇರುತ್ತದೆ, ಕೊನೆ ದಿನ ರಾತ್ರಿ ಅಪ್‌ಲೋಡ್ ಮಾಡುತ್ತಾ ಕೂರಬೇಡಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮುಂಚೆಯೇ ಪೋರ್ಟಲ್‌ನಲ್ಲಿ ಕೇಳಿ. ಆದಾಯಕ್ಕೆ ಸೇರ್ಪಡೆ ಮಾಡುತ್ತೇವೆ ಅಂತ ಶೋಕಾಸ್ ನೋಟಿಸ್ ಬಂದರೆ ವಿಡಿಯೋ ಮೂಲಕ ಅಹವಾಲು ಕೇಳಬೇಕು ಅಂತ ವಿನಂತಿ ಹಾಕಿ, ಅದನ್ನು ಬಿಟ್ಟುಕೊಡಬೇಡಿ. ಆ ದಿನ ಹೊಸ ಕಥೆ ಹೇಳಲು ಹೋಗದೆ, ಕಳಿಸಿದ ಉತ್ತರವನ್ನೇ ಪುಟ ನಂಬರ್ ಸಮೇತ ತೋರಿಸಿ.

ಹೆಜ್ಜೆ 6: ಗೋಡೌನನ್ನು ವಿಡಿಯೋದಲ್ಲಿ ನೋಡಲೇಬೇಕಾದರೆ

ಸ್ಟಾಕ್ ದೊಡ್ಡ ಮೊತ್ತದ್ದಾದರೆ ಎಣಿಕೆಯ ಹೊತ್ತಿಗೆ ಆಡಿಟರ್ ಅಲ್ಲಿರಬೇಕು ಅಂತ ಆಡಿಟ್ ಮಾನದಂಡ ಎಸ್‌ಎ 501 ಹೇಳುತ್ತದೆ. ಹೋಗುವುದು ಸಾಧ್ಯವೇ ಇಲ್ಲ ಅನ್ನುವಂತಿದ್ದರೆ ಮಾತ್ರ ಬೇರೆ ದಾರಿ ಹುಡುಕಬೇಕು. ದೂರ, ಖರ್ಚು ಅನ್ನುವುದು ಕಾರಣ ಆಗುವುದಿಲ್ಲ. ಹಾಗಾಗಿ ವಿಡಿಯೋ ಎಣಿಕೆಯನ್ನು ನಾನು ಪ್ರೋತ್ಸಾಹಿಸುವುದಿಲ್ಲ. ತಿಂಗಳ ನಡುವಿನ ಪರಿಶೀಲನೆಗೆ, ಶಾಖೆಯ ಸಣ್ಣ ಗೋಡೌನಿಗೆ ಅದು ನಡೆಯುತ್ತದೆ.

ವಿಡಿಯೋದಲ್ಲಿ ಇರುವ ತೊಂದರೆ ಒಂದೇ, ಕ್ಯಾಮೆರಾ ಪಾರ್ಟಿಯ ಕೈಯಲ್ಲಿರುತ್ತದೆ. ಅವರು ತೋರಿಸಿದ್ದನ್ನಷ್ಟೇ ನೀವು ನೋಡುತ್ತೀರಿ. ಹಾಗಾಗಿ ಕರೆಯನ್ನು ರಸ್ತೆಯಿಂದ ಶುರು ಮಾಡಿಸಿ. ಬೋರ್ಡ್, ಗೇಟ್, ಬಾಗಿಲು, ಒಳಗೆ, ಎಲ್ಲೂ ಕಟ್ ಆಗದೆ ಬರಲಿ. ಎತ್ತ ತಿರುಗಬೇಕು ಅಂತ ನೀವು ಹೇಳಿ. ಮೂಟೆಗಳ ಅಟ್ಟಿಯ ಉದ್ದ, ಅಗಲ, ಎತ್ತರ ಎಣಿಸಿ ಗುಣಿಸಿದರೆ ಸಾಲದು, ನಡುವೆ ಟೊಳ್ಳು ಬಿಟ್ಟು ಸುತ್ತ ಮೂಟೆ ಜೋಡಿಸುವುದು ಹಳೆಯ ವಿದ್ಯೆ. ಫೋನ್ ಹಿಡಿದವರನ್ನು ಅಟ್ಟಿಯ ಮೇಲೆ ಹತ್ತಿಸಿ, ನಡುವಿನಿಂದ ಒಂದು ಮೂಟೆ ತೆಗೆಸಿ. ಯಾವ ಮೂಟೆ ಅಂತ ನೀವು ಹೇಳಬೇಕು. ಹಮಾಲರು ಅದನ್ನು ತಕ್ಕಡಿಗೆ ತರುವವರೆಗೆ ಕ್ಯಾಮೆರಾ ಅದರ ಮೇಲೇ ಇರಲಿ. ತೂಕ ಹಾಕುವ ಮುಂಚೆ ತಕ್ಕಡಿಯ ಸೊನ್ನೆ ತೋರಿಸಲಿ. ಬಾಯಿ ಬಿಚ್ಚಿಸಿ, ಒಳಗಿನ ಮಾಲು ಕೈಯಲ್ಲಿ ಹಿಡಿದು ತೋರಿಸಲಿ. ರೆಕಾರ್ಡ್ ಮಾಡಿ ವರ್ಕಿಂಗ್ ಪೇಪರ್ ಜೊತೆ ಇಡಿ. ನೆಟ್‌ವರ್ಕ್ ಹೋಯಿತು ಅಂದರೆ ಎಣಿಕೆ ಮತ್ತೆ ಗೇಟಿನಿಂದ ಶುರು.

ಸಿಎಗಳು ಕೊಡುವ ಸರ್ಟಿಫಿಕೇಟಿಗೆ ಯುಡಿಐಎನ್ (ದಾಖಲೆಯ ವಿಶಿಷ್ಟ ಗುರುತಿನ ಸಂಖ್ಯೆ) ಹಾಕುವುದು 2019ರಿಂದ ಕಡ್ಡಾಯವಾಗಿದೆ. ಈ 18 ಅಂಕಿಯ ಸಂಖ್ಯೆಯಿಂದ ಬೀದರಿನ ಬ್ಯಾಂಕ್ ಮ್ಯಾನೇಜರ್ ಕೂಡ ಮೈಸೂರಿನ ಸಿಎ ಕೊಟ್ಟ ಪಿಡಿಎಫ್ ನಿಜವೋ ಸುಳ್ಳೋ ಅಂತ ಸಿಎಗಳ ಸಂಸ್ಥೆಯಾದ ಐಸಿಎಐ ತಾಣದಲ್ಲಿ ನೋಡಬಹುದು. ಪಾರ್ಟಿಗೂ ಇದನ್ನು ತೋರಿಸಿಕೊಡಿ.

ಹೆಜ್ಜೆ 7: ಹುಡುಗರು ಮನೆಯಲ್ಲಿ, ಕೆಲಸ ಆಫೀಸಿನದು

ಆರ್ಟಿಕಲ್ ಹುಡುಗರು (ಸಿಎ ಓದುತ್ತಾ ಆಫೀಸಿನಲ್ಲಿ ತರಬೇತಿ ಪಡೆಯುವವರು) ಪಾರ್ಟಿ ಎದುರಿಗೆ ಸೀನಿಯರ್ ಹೇಗೆ ಮಾತಾಡುತ್ತಾರೆ ಅಂತ ಪಕ್ಕದಲ್ಲಿ ಕೂತು ಕಲಿಯುತ್ತಿದ್ದರು. 2023ರ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಎರಡೇ ವರ್ಷ. ಅದರಲ್ಲಿ ಅರ್ಧ ಮನೆಯಲ್ಲಿ ಕಳೆದರೆ ಅವರಿಗೆ ಎಂಟ್ರಿ ಹಾಕುವುದು ಬಿಟ್ಟರೆ ಬೇರೆ ಬರುವುದಿಲ್ಲ. ಪಾರ್ಟಿ ಜೊತೆಗಿನ ವಿಡಿಯೋ ಕರೆಗೆ ಒಬ್ಬರನ್ನು ಸೇರಿಸಿಕೊಳ್ಳಿ. ಅವರು ಮಾಡಿದ ರಿಟರ್ನ್ ತಪ್ಪಿದ್ದರೆ ನೀವೇ ತಿದ್ದಿ ಮುಗಿಸಬೇಡಿ, ಸ್ಕ್ರೀನ್ ಶೇರ್ ಮಾಡಿ ಅವರ ಕೈಯಲ್ಲೇ ತಿದ್ದಿಸಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಅಮೆರಿಕದ ಅಕೌಂಟಿಂಗ್ ಸಂಸ್ಥೆಗಳ ಕೆಲಸ ಹಿಡಿಯುವ ಬೆಂಗಳೂರಿನವರಿಗೆ ಒಂದು ಮಾತು. ಅಲ್ಲಿನ ತೆರಿಗೆ ಕಾನೂನಿನ 7216ನೇ ಸೆಕ್ಷನ್ ಪ್ರಕಾರ ವ್ಯಕ್ತಿಯ ರಿಟರ್ನ್ ಮಾಹಿತಿಯನ್ನು ಅಮೆರಿಕದ ಹೊರಗೆ ಕಳಿಸಲು ಆ ತೆರಿಗೆದಾರರ ಒಪ್ಪಿಗೆ ಬರಹದಲ್ಲಿ ಬೇಕು. ಆ ಒಪ್ಪಿಗೆ ತೆಗೆದುಕೊಂಡಿದ್ದಾರಾ ಅಂತ ಕೇಳದೆ ಫೈಲ್ ತೆರೆಯಬೇಡಿ.

ಹೆಜ್ಜೆ 8: ಫೀಸ್

ಎದುರಿಗೆ ಕೂತವರು ಎದ್ದು ಹೋಗುವಾಗ ದುಡ್ಡು ಕೊಡುತ್ತಿದ್ದರು. ದೂರದವರು ಕೆಲಸ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಹಾಗಾಗಿ ವರ್ಷದ ಶುರುವಿನಲ್ಲೇ ಒಂದು ಪುಟದ ಪತ್ರ ಮಾಡಿ. ಏನೇನು ಸೇರಿದೆ, ಏನು ಸೇರಿಲ್ಲ, ನೋಟಿಸ್ ಬಂದರೆ ಎಷ್ಟು ಬೇರೆ, ಮುಂಗಡ ಎಷ್ಟು ಅಂತ ಅದರಲ್ಲಿರಲಿ. "ಒಂದು ಸಣ್ಣ ಡೌಟು ಸರ್" ಅಂತ ರಾತ್ರಿ ಹತ್ತಕ್ಕೆ ಬರುವ ಮೆಸೇಜಿಗೂ ಸಮಯ ಹೋಗುತ್ತದೆ. ಫೋನ್ ಸಲಹೆಗೆ ಹೊತ್ತು ಗೊತ್ತುಮಾಡಿ. ಕೆಲಸ ದೂರದಿಂದ ಆಯಿತು ಅಂತ ಫೀಸ್ ಇಳಿಸಬೇಡಿ. ಫೇಸ್‌ಲೆಸ್ ಉತ್ತರಕ್ಕೆ ಹಳೆಯ ಭೇಟಿಗಿಂತ ಜಾಸ್ತಿ ದುಡಿಮೆ ಹಿಡಿಯುತ್ತದೆ, ಅದನ್ನು ಪಾರ್ಟಿಗೆ ಬಿಡಿಸಿ ಹೇಳಿ.

ನೀವು ಜಿಎಸ್‌ಟಿಯಲ್ಲಿ ನೋಂದಾಯಿಸಿದ್ದು, ನೋಂದಾಯಿತ ಪಾರ್ಟಿ ಗೋವಾದಲ್ಲೋ ಮಹಾರಾಷ್ಟ್ರದಲ್ಲೋ ಇದ್ದರೆ ನಿಮ್ಮ ಬಿಲ್ಲಿಗೆ 18 ಪರ್ಸೆಂಟ್ ಐಜಿಎಸ್‌ಟಿ (ಹೊರರಾಜ್ಯದ ವಹಿವಾಟಿನ ಜಿಎಸ್‌ಟಿ) ಬರುತ್ತದೆ. ಹೊರರಾಜ್ಯಕ್ಕೆ ಸೇವೆ ಕೊಟ್ಟೆವು ಅನ್ನುವ ಒಂದೇ ಕಾರಣಕ್ಕೆ ನೋಂದಣಿ ಕಡ್ಡಾಯ ಆಗುವುದಿಲ್ಲ, ವರ್ಷದ ವಹಿವಾಟಿನ 20 ಲಕ್ಷದ ಮಿತಿಯೇ ಲೆಕ್ಕ.

ಹೆಜ್ಜೆ 9: ಪಾರ್ಟಿ ಬಿಟ್ಟು ಹೋಗುವಾಗ

ಹೋಗುವವರನ್ನು ಹಿಡಿದಿಡಲು ಒಟಿಪಿ, ಪಾಸ್‌ವರ್ಡ್ ಕೊಡದೆ ಸತಾಯಿಸುವುದು ನಮ್ಮ ವೃತ್ತಿಗೇ ಕೆಟ್ಟ ಹೆಸರು. ಫೀಸ್ ಬಾಕಿ ಇದ್ದರೆ ಅದನ್ನು ಬೇರೆ ಕೇಳಿ. ಪಿಸಿಟಿ-05ರಲ್ಲಿ ನಿಮ್ಮ ಹೆಸರು ತೆಗೆಸಿ. ಪೋರ್ಟಲ್‌ಗಳಲ್ಲಿ ನಿಮ್ಮ ನಂಬರ್, ಮೇಲ್ ಇದ್ದರೆ ಬದಲಿಸಿಕೊಡಿ, ಅದಕ್ಕೆ ಬೇಕಾದ ಒಟಿಪಿಯನ್ನು ಕೇಳಿದ ಕೂಡಲೇ ಕೊಡಿ. ಡಿಎಸ್‌ಸಿ ಉಳಿದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಟ್ಯಾಲಿ ಡೇಟಾ ಮತ್ತು ಫೈಲ್‌ಗಳ ಒಂದು ಪ್ರತಿ ಕೊಟ್ಟು, ತಲುಪಿತು ಅನ್ನುವ ಉತ್ತರ ತರಿಸಿಕೊಳ್ಳಿ. ನಡೆಯುತ್ತಿರುವ ನೋಟಿಸ್‌ಗಳ ಪಟ್ಟಿಯನ್ನು ಮುಂದಿನ ತಾರೀಖಿನ ಸಮೇತ ಬರೆದುಕೊಡಿ. ಆಡಿಟ್ ಬೇರೆ ಸಿಎಗೆ ಹೋಗುತ್ತಿದ್ದರೆ ಅವರು ಒಪ್ಪಿಕೊಳ್ಳುವ ಮುಂಚೆ ನಿಮಗೆ ಪತ್ರ ಬರೆಯಬೇಕು, ಅದು ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ನಿಯಮ. ಆ ಪತ್ರಕ್ಕೆ ಅದೇ ವಾರ ಉತ್ತರ ಹಾಕಿ, ಬಾಕಿ ಏನಾದರೂ ಇದ್ದರೆ ಅದರಲ್ಲೇ ತಿಳಿಸಿ.